ಹಮಾಲನ ಸೊಂಟ, ಮಿಲ್ಲಿನ ಖೋಲಿ

ಸೊಂಟ ನೋವು ಬಂದವನಿಗೆ ಊರೆಲ್ಲ ವೈದ್ಯರು. ಜ್ವರ ಬಂದರೆ ಹೊದ್ದು ಮಲಗು ಎನ್ನುತ್ತಾರೆ, ಹೊಟ್ಟೆ ಕೆಟ್ಟರೆ ಒಂದು ಹೊತ್ತು ಉಪವಾಸ ಇರು ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಸೊಂಟದ ಮಾತು ಹಾಗಲ್ಲ. ಒಬ್ಬ ಎಣ್ಣೆ ಹೇಳುತ್ತಾನೆ, ಇನ್ನೊಬ್ಬ ಬರೆ ಹಾಕಿಸು ಎನ್ನುತ್ತಾನೆ, ಮೂರನೆಯವನು ತನ್ನ ಸೋದರಮಾವನಿಗೂ ಹೀಗೇ ಆಗಿ ಕೊನೆಗೆ ಕಾಲೇ ಬಿದ್ದುಹೋಯಿತು ಎಂದು ಧೈರ್ಯ ತುಂಬಿ, ಚಹಾ ಕುಡಿದು ಹೋಗುತ್ತಾನೆ. ಇವರೆಲ್ಲರ ಕೈಯಿಂದ ದಾಟಿ ಬಂದವನು ನಾನು.

ನನ್ನ ಹೆಸರು ಈರಣ್ಣ. ಊರು ತುರ್ವಿಹಾಳ. ಅಲ್ಲಿ ಏಳನೆಯ ಇಯತ್ತೆವರೆಗೆ ಓದಿ, ಆಮೇಲೆ ಸಿಂಧನೂರಿಗೆ ಬಂದು ನೆಲೆಸಿ, ಅಲ್ಲಿನ ಒಂದು ಅಕ್ಕಿ ಮಿಲ್ಲಿನಲ್ಲಿ ಚೀಲ ಹೊರುವ ಹಮಾಲಿಗೆ ನಿಂತೆ. ಈಗ ಹೊಸ ಹುಡುಗರು ಸೊಂಟ ಹಿಡಿದುಕೊಂಡು ನನ್ನ ಹತ್ತಿರ ಬಂದು, ‘ಕಾಕಾ, ನಿಮಗ ಹೆಂಗ ವಾಸಿ ಆತು?’ ಎಂದು ಕೇಳುತ್ತಾರೆ. ಪೂರ್ತಿ ವಾಸಿ ಆಗಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಚಳಿಗಾಲದ ಬೆಳಗಿನಲ್ಲಿ ಎಡಗಾಲು ಇವತ್ತಿಗೂ ಹಿಮ್ಮಡಿಯ ತನಕ ಜುಮ್ಮೆನ್ನುತ್ತದೆ. ಆದರೆ ನಡೆಯುತ್ತೇನೆ, ಕೂರುತ್ತೇನೆ, ಮೊಮ್ಮಗಳನ್ನು ಎತ್ತಿಕೊಳ್ಳುತ್ತೇನೆ. ಅದು ಹೇಗೆ ಎಂದು ಪ್ರತಿಯೊಬ್ಬನಿಗೂ ಬೇರೆ ಬೇರೆ ಹೇಳಿ ಸಾಕಾಗಿ ಬರೆಯಲು ಕುಳಿತಿದ್ದೇನೆ.

ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಕಾಲುವೆ ನೀರಿನಿಂದ ಸುತ್ತಲೆಲ್ಲ ಭತ್ತ. ಸುಗ್ಗಿ ಬಂದರೆ ಮಿಲ್ಲಿನ ಮುಂದೆ ಲಾರಿಗಳು ಸಾಲುಗಟ್ಟಿ ನಿಲ್ಲುತ್ತಿದ್ದವು. ನಮ್ಮ ಗುಂಪಿನಲ್ಲಿ ಹದಿನಾಲ್ಕು ಜನ ಹಮಾಲರು. ಎಲ್ಲರಿಗೂ ಸಮಪಾಲು, ಎಲ್ಲರ ಮೇಲೆ ಮೇಸ್ತ್ರಿ ಯಂಕಪ್ಪ. ಹದಿನೈದನೆಯವನಿಗೆ ಜಾಗವಿಲ್ಲ. ಹದಿನಾಲ್ಕರಲ್ಲಿ ಒಬ್ಬ ಹೋದರೆ ಮಾತ್ರ ಹೊಸಬ ಒಳಗೆ ಬರಬೇಕು. ಅದಕ್ಕೊಂದು ಕಟ್ಟಳೆ ಇತ್ತು. ಅಮಾವಾಸ್ಯೆ ನಮಗೆ ರಜೆ, ಅವತ್ತು ಗುಂಪೆಲ್ಲ ಬೇವಿನ ಮರದ ಕೆಳಗೆ ಕೂರುತ್ತಿತ್ತು. ಹಿಂದಿನ ಅಮಾವಾಸ್ಯೆಯಿಂದ ಆ ಅಮಾವಾಸ್ಯೆಯವರೆಗೆ ಒಂದು ಚೀಲವನ್ನೂ ಹೊರದವನ ಜಾಗ ಖಾಲಿ ಎಂದು ಮೇಸ್ತ್ರಿ ಹೇಳುತ್ತಿದ್ದ. ಜ್ವರ, ಮದುವೆ, ಮರಣ, ಯಾವ ನೆಪವೂ ನಡೆಯುತ್ತಿರಲಿಲ್ಲ. ಯಂಕಪ್ಪನ ಅಳಿಯ ಮಸ್ಕಿಯಲ್ಲಿ ಕೂಲಿ ಮಾಡಿಕೊಂಡು, ಯಾವಾಗ ಜಾಗ ಖಾಲಿಯಾದೀತು ಎಂದು ಒಂದು ವರ್ಷದಿಂದ ಕಾಯುತ್ತಿದ್ದ. ಮಾವ ಮೇಸ್ತ್ರಿಯಾಗಿದ್ದರೂ ಕಟ್ಟಳೆ ಮುರಿದು ಅವನನ್ನು ಸೇರಿಸಿರಲಿಲ್ಲ. ಯಂಕಪ್ಪ ಅಂಥ ಮನುಷ್ಯ.

ಒಂದು ಅಮಾವಾಸ್ಯೆ ಕಳೆದ ಮಾರನೆಯ ದಿನ, ಇನ್ನೂ ಮೊದಲನೆಯ ಚೀಲ, ಅದನ್ನು ಬೆನ್ನಿಗೆ ತೆಗೆದುಕೊಳ್ಳಲು ಬಗ್ಗಿ ತಿರುಗಿದ್ದೆ. ಸೊಂಟದೊಳಗೆ ಏನೋ ಹರಿದಂತಾಯಿತು. ಚೀಲ ಬೆನ್ನಿಗೆ ಬರಲೇ ಇಲ್ಲ, ಪಕ್ಕಕ್ಕೆ ಉರುಳಿತು. ನಾನು ಬಗ್ಗಿದವನು ಬಗ್ಗಿದಂತೆಯೇ ನಿಂತೆ.

‘ಏನಾತಲೇ ಈರ್ಯಾ?’ ಎಂದ ಯಂಕಪ್ಪ.

‘ಏನಿಲ್ಲ, ಕಾಲು ಜಾರಿತು.’

‘ಜಾರಿದಾವ ಬೀಳ್ತಾನ. ನೀ ನಿಂತೀಯಲ್ಲೋ.’

ದಿನವೆಲ್ಲ ಮಿಲ್ಲಿನ ಮೂಲೆಯಲ್ಲಿ ಬಿದ್ದುಕೊಂಡಿದ್ದು, ಸಂಜೆ ಗೋಡೆ ಹಿಡಿದುಕೊಂಡು ಮನೆಗೆ ಬಂದೆ. ಹೆಂಡತಿ ಮಲ್ಲಮ್ಮ ಗೊರೇಬಾಳದ ಗದ್ದೆಗಳಲ್ಲಿ ನಾಟಿ ಕೆಲಸಕ್ಕೆ ಹೋಗುವವಳು, ಆಗ ತಾನೇ ಬಂದು ಕಾಲಿನ ಕೆಸರು ತೊಳೆಯುತ್ತಿದ್ದಳು. ನನ್ನನ್ನು ನೋಡಿ ಏನೂ ಕೇಳಲಿಲ್ಲ. ಕೇಳದೆ ಚಾಪೆ ಹಾಸಿದಳು. ಅದನ್ನು ನೋಡಿ ನನಗೆ ಹೆದರಿಕೆಯಾಯಿತು. ಬೈಯುವ ಹೆಂಗಸು ಸುಮ್ಮನಾದರೆ ಸಂಗತಿ ದೊಡ್ಡದಿದೆ ಎಂದೇ ಲೆಕ್ಕ.

ನಮ್ಮವ್ವನ ಮದ್ದೇ ಬೇರೆ. ‘ಇದು ಉಳುಕು. ತಾಯವ್ವನ ಕಡಿಂದ ಮೂರು ಸಲ ಒದಿಸ್ಕೋ, ಹೋಗ್ತೈತಿ. ಆಕಿ ಕಾಲು ಮುಂದಾಗಿ ಹುಟ್ಟ್ಯಾಳ’ ಎಂದಳು. ಹುಟ್ಟುವಾಗ ತಲೆಯ ಬದಲು ಕಾಲು ಮುಂದೆ ಬಂದವರು ಒದ್ದರೆ ಉಳುಕು ಬಿಡುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ತಾಯವ್ವ ನಮ್ಮ ಓಣಿಯವಳು. ಬೆಳಿಗ್ಗೆ ಮುಖ ತೊಳೆಯುವ ಮೊದಲು ಬಂದಳು. ನನ್ನನ್ನು ಹೊಸ್ತಿಲಿನ ಮೇಲೆ ಬೋರಲು ಮಲಗಿಸಿದರು.

‘ಯಕ್ಕಾ, ಮೆಲ್ಲಕ ಒದೀಲೋ, ಜೋರಾಗಿ ಒದೀಲೋ?’ ಎಂದು ಕೇಳಿದಳು ತಾಯವ್ವ.

‘ಜೋರಾಗೇ ಒದಿಯವ್ವಾ, ಹಮಾಲನ ಸೊಂಟ ಅದು’ ಎಂದಳು ನನ್ನ ಹೆತ್ತ ತಾಯಿ.

ಮೊದಲನೆಯ ಒದೆತಕ್ಕೆ ಕಣ್ಣಿಗೆ ಕತ್ತಲು ಬಂತು. ಎರಡನೆಯದಕ್ಕೆ ನಾನು ಕೂಗಿದ ಸದ್ದಿಗೆ ಓಣಿ ಸೇರಿತು. ಮೂರನೆಯದನ್ನು ಮಲ್ಲಮ್ಮ ಆಗಗೊಡಲಿಲ್ಲ. ತಾಯವ್ವನ ಕಾಲು ಹಿಡಿದುಕೊಂಡು, ನಮ್ಮವ್ವನ ಕಡೆ ತಿರುಗಿ, ‘ಅತ್ತೀ, ಎರಡಕ್ಕ ಸಾಕು ಮಾಡ್ರಿ, ಉಳಿದಿದ್ದು ನನಗ ಇರಲಿ’ ಎಂದಳು. ತಾಯವ್ವ ಪಾಪ, ಮರುದಿನ ರೊಟ್ಟಿ ಪಲ್ಯ ಮಾಡಿ ತಂದುಕೊಟ್ಟು ಹೋದಳು. ಅವಳ ತಪ್ಪೇನೂ ಇರಲಿಲ್ಲ. ಆದರೆ ಅವತ್ತಿನಿಂದ ನೋವು ಸೊಂಟ ಬಿಟ್ಟು ಕಾಲಿಗಿಳಿಯಿತು.

ಮಲ್ಲಮ್ಮನ ತಮ್ಮ ಅಮರೇಶ ಲಿಂಗಸುಗೂರಿನ ಒಂದು ಕಚೇರಿಯಲ್ಲಿ ಜವಾನ. ಅಲ್ಲಿ ಒಬ್ಬ ಒಳ್ಳೆಯ ಡಾಕ್ಟರಿದ್ದಾರೆ ಎಂದು ಅವನು ಹೇಳಿ ಕಳಿಸಿದ. ಸಿಂಧನೂರಿನಿಂದ ಮಸ್ಕಿ ದಾಟಿ ಲಿಂಗಸುಗೂರಿನವರೆಗೆ ಬಸ್ಸಿನಲ್ಲಿ ನಿಂತೇ ಹೋದೆ.

‘ಸೀಟು ಖಾಲಿ ಅದಾವಲ್ಲೋ, ಕುಂದ್ರು’ ಎಂದ ಕಂಡಕ್ಟರ್.

‘ಕುಂದ್ರಾಕ ಬರಂಗಿಲ್ರೀ.’

ಅವನು ನನ್ನನ್ನು ಮೇಲೆ ಕೆಳಗೆ ನೋಡಿ, ಡ್ರೈವರನ ಹತ್ತಿರ ಹೋಗಿ ಏನೋ ಹೇಳಿದ. ಆಮೇಲೆ ತಗ್ಗು ಬಂದಲ್ಲೆಲ್ಲ ಬಸ್ಸು ನಿಧಾನವಾಯಿತು. ಆ ಡ್ರೈವರನ ಮುಖವನ್ನೂ ನಾನು ಸರಿಯಾಗಿ ನೋಡಲಿಲ್ಲ. ಆ ದಿನಗಳಲ್ಲಿ ನನಗೆ ಸಿಕ್ಕ ಮೊದಲ ದಯೆ ಅದು.

ದವಾಖಾನೆಯಲ್ಲಿ ಮಧ್ಯಾಹ್ನದ ತನಕ ಕಾದೆ. ಬೆಂಚಿನ ಮೇಲೆ ಎಲ್ಲರೂ ಕೂತಿದ್ದರು, ನಾನೊಬ್ಬನೇ ಗೋಡೆಗೆ ಒರಗಿ ಎಡಗಾಲು ಎತ್ತಿಕೊಂಡು ನಿಂತಿದ್ದೆ. ಒಂದು ಮಗು ನನ್ನನ್ನೇ ನೋಡಿ ತಾನೂ ಒಂದು ಕಾಲೆತ್ತಿ ನಿಂತಿತು. ಅದರ ತಾಯಿ ಗದರಿದಳು. ಬಿಡವ್ವಾ, ಆಡಲಿ ಎಂದೆ. ಡಾಕ್ಟರು ಎಲುಬಿನ ಫೋಟೋ ತೆಗೆಸಿ ಬೆಳಕಿಗೆ ಹಿಡಿದು ನೋಡಿದರು.

‘ಮೂರು ತಿಂಗಳು ಹಲಗಿ ಮ್ಯಾಲ ಮಲಕ್ಕೋ. ಭಾರ ಎತ್ತಬ್ಯಾಡ.’

‘ಎಷ್ಟು ದಿನ ಎತ್ತಬಾರದ್ರಿ?’

‘ದಿನದ ಮಾತಲ್ಲಪ್ಪ. ಇನ್ನ ಮುಂದ.’

ಜೊತೆಗಿದ್ದ ಅಮರೇಶ ಹೊರಗೆ ಬಂದು, ‘ಮಾವಾ, ಡಾಕ್ಟರು ಎಲ್ಲಾರಿಗೂ ಹಂಗ ಹೇಳ್ತಾರ’ ಎಂದ. ನನಗೆ ಬೇರೆ ಕೆಲಸ ಬರುತ್ತಿರಲಿಲ್ಲ. ಹೊಲವಿಲ್ಲ. ಏಳನೆಯ ಇಯತ್ತೆಯ ಓದಿಗೆ ಆಗಲೂ ಯಾರೂ ಕುರ್ಚಿ ಕೊಡುತ್ತಿರಲಿಲ್ಲ. ಹದಿನಾಲ್ಕರಲ್ಲಿ ಒಂದು ಜಾಗ, ಅದೇ ನನ್ನ ಹೊಲ, ಅದೇ ನನ್ನ ಮನೆ. ಬಸ್ಸಿನಲ್ಲಿ ವಾಪಸು ಬರುತ್ತ ಅಮಾವಾಸ್ಯೆಗೆ ಇನ್ನೆಷ್ಟು ದಿನ ಎಂದು ಬೆರಳು ಮಡಚುತ್ತಿದ್ದೆ.

ಮಲಗಿದರೆ ಜಾಗ ಹೋಗುತ್ತದೆ ಎಂಬ ಹೆದರಿಕೆಗೆ ಮರುದಿನದಿಂದ ಮಿಲ್ಲಿಗೆ ಹೋಗಿ ಮೂಲೆಯಲ್ಲಿ ಕೂತು ಚೀಲದ ಬಾಯಿ ಹೊಲಿಯತೊಡಗಿದೆ. ಕೂತಿದ್ದೆ ಎನ್ನುವುದು ಮಾತಿಗೆ. ಮೊಣಕಾಲೂರಿ, ಒರಗಿ, ಮತ್ತೆ ಎದ್ದು, ಹೇಗೋ. ಗುಂಪಿನವರು ಮಿಲ್ಲಿನ ಮಾಲೀಕರಾದ ಸಾಹುಕಾರರ ಕಣ್ಣಿಗೆ ನಾನು ಬೀಳದಂತೆ ಅಡ್ಡ ನಿಲ್ಲುತ್ತಿದ್ದರು. ಒಳಗೆ ಕಟ್ಟಳೆ ಎಷ್ಟೇ ಬಿಗಿ ಇದ್ದರೂ ಹೊರಗಿನವರಿಗೆ ನಮ್ಮವನನ್ನು ಬಿಟ್ಟುಕೊಡುತ್ತಿರಲಿಲ್ಲ.

ನಮ್ಮ ಸಾಹುಕಾರರು ಕಾಲುವೆ ಬಂದ ಮೇಲೆ ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪಿನ ಕಡೆಯವರು, ತೆಲುಗು ಮನೆತನ. ಕೈ ಬಿಗಿ, ಮಾತು ನೇರ. ಒಂದು ಬೆಳಿಗ್ಗೆ ಗುಂಪನ್ನೆಲ್ಲ ಕರೆದು ಹೇಳಿದರು:

‘ನೋಡ್ರಿ, ಇದನ್ನ ನಾನು ಧರ್ಮಕ್ಕ ಮಾಡಾಕತ್ತಿಲ್ಲ. ತಿಂಗಳಿಗೆ ಇಬ್ಬರೋ ಮೂವರೋ ಮಲಗ್ತೀರಿ. ನೀವು ಮಲಗಿದ್ರ ಲಾರಿ ನಿಲ್ತಾವ. ಹೊಸಬರನ್ನ ತಂದ್ರ ಚೀಲ ಒಡೀತಾರ. ಇಂಜಿನ್ನಿಗೆ ಎಣ್ಣಿ ಹಾಕಾಕ ಒಬ್ಬ ಅದಾನ. ನಿಮಗೂ ಒಬ್ಬರನ್ನ ಕರಸೀನಿ. ತೂಕದ ಕಾಟಾದ ಬಾಜೂ ಖೋಲಿಯಾಗ ವಾರಕ್ಕ ಎರಡು ದಿನ ಕುಂದ್ರುತಾರ. ಯಾರಿಗೆ ಏನು ನೋವೈತಿ, ಹೋಗಿ ತೋರಿಸ್ರಿ. ಆ ಹೊತ್ತು ಕೆಲಸದಾಗ ಹಿಡಿದದ್ದು ಅಂತ ತಿಳೀರಿ.’

ಬಂದವರು ಮಸ್ಕಿಯ ಖಾದರ್ ಸಾಬರು. ಮಿಲಿಟರಿ ದವಾಖಾನೆಯಲ್ಲಿ ಗಾಯಾಳು ಸಿಪಾಯಿಗಳಿಗೆ ಕಸರತ್ತು ಮಾಡಿಸಿ ಮತ್ತೆ ನಡೆಯುವ ಹಾಗೆ ಮಾಡುವುದು ಅವರ ಕೆಲಸವಾಗಿತ್ತು. ನಿವೃತ್ತಿಯಾಗಿ ಊರಿಗೆ ಬಂದಿದ್ದರು. ಸಾಹುಕಾರರ ಕುತ್ತಿಗೆ ಹಿಡಿದುಕೊಂಡಾಗ ಅದನ್ನು ಬಿಡಿಸಿದವರು ಅವರೇ. ತನ್ನ ಕುತ್ತಿಗೆ ತಿರುಗಿದ ಮೇಲೆ ಸಾಹುಕಾರರಿಗೆ ನಮ್ಮ ಸೊಂಟ ಕಂಡಿತು ಎಂದು ನಾವು ನಗಾಡಿದೆವು. ಆದರೂ, ಕಂಡಿತಲ್ಲ. ಅದೇ ಊರಿನಲ್ಲಿ ಕುತ್ತಿಗೆ ನೆಟ್ಟಗಿದ್ದ ಸಾಹುಕಾರರು ಎಷ್ಟೋ ಮಂದಿ ಇದ್ದರು.

ಆದರೆ ನಾವು ಮಾಡಿದ ತಪ್ಪು ಕೇಳಿ. ಬೇವಿನ ಮರದ ಕೆಳಗೆ ಯಂಕಪ್ಪ ಹೇಳಿದ: ‘ಸಂತ್ಯಾಗ ಎತ್ತಿನ ಹಲ್ಲು ನೋಡ್ತಾರಲ್ಲ, ಇದು ಹಂಗ. ಯಾವುದು ಬಳಲೇತಿ ಅಂತ ಆರಿಸಾಕ ಈ ಮನಿಷ್ಯಾನ್ನ ಕರಸ್ಯಾರ. ಯಾರೂ ಹೋಗಬ್ಯಾಡ್ರಿ.’

ಯಾರೂ ಹೋಗದಿದ್ದರೆ ಸಾಹುಕಾರರಿಗೆ ಅನುಮಾನ ಬರುತ್ತದೆ ಎಂದು ಒಬ್ಬ ಅಂದ. ಆಗ ಎಲ್ಲರೂ ಸೇರಿ ಗುಂಪಿನಲ್ಲೇ ಗಟ್ಟಿಯಾದ ಆಳನ್ನು ಕಳಿಸುವುದೆಂದು ತೀರ್ಮಾನ ಮಾಡಿದೆವು. ಅವನೇ ಹನುಮಂತ. ಪಂದ್ಯ ಕಟ್ಟಿ ಎರಡು ಚೀಲ ಹೊತ್ತು, ಲಾರಿಗೆ ಆನಿಸಿದ ಹಲಗೆ ಏರಿದವನು. ಇವನನ್ನು ನೋಡಿ ಖಾದರ್ ಸಾಬರು ‘ಇವರಿಗೇನೂ ಆಗಿಲ್ಲ’ ಎಂದು ಬರೆದುಕೊಟ್ಟು ಮಸ್ಕಿ ಬಸ್ಸು ಹತ್ತಲಿ ಎಂಬುದು ನಮ್ಮ ಉಪಾಯ. ನನ್ನನ್ನು ಖಾದರ್ ಸಾಬರ ಕಣ್ಣಿಗೆ ಬೀಳದಂತೆ ಬಚ್ಚಿಡಬೇಕಿತ್ತು. ಯಂಕಪ್ಪನೇ ಕೈಹಿಡಿದು ಕರೆದೊಯ್ದು ತೌಡಿನ ಚೀಲಗಳ ಹಿಂದೆ ಮಲಗಿಸಿದ. ಅವಸರದಲ್ಲಿ ಒಂದು ಸಂಗತಿ ಮರೆತಿದ್ದ. ತೌಡಿನ ಆ ಮೂಲೆಗೂ ಖಾದರ್ ಸಾಬರ ಖೋಲಿಗೂ ನಡುವೆ ಇದ್ದದ್ದು ಒಂದು ಬಿದಿರಿನ ತಟ್ಟಿ ಮಾತ್ರ.

ಮಲಗಿದಲ್ಲಿಂದ ನನಗೆ ಎಲ್ಲ ಕೇಳುತ್ತಿತ್ತು.

‘ಹೆಸರೇನಪ್ಪಾ?’

‘ಹನುಮಂತ್ರೀ. ನನಗೇನೂ ನೋವಿಲ್ರೀ. ಸುಮ್ಮ ಬಂದೀನಿ.’

‘ಭಾಳ ಚಲೋ ಆತು. ನೋವಿಲ್ಲದವರನ್ನ ನೋಡಿ ಭಾಳ ದಿನ ಆಗಿತ್ತು. ಎರಡೂ ಕೈ ಮ್ಯಾಲ ಎತ್ತು, ನೋಡೂಣು.’

ಅಂಗಿ ಸರಿದಾಡಿದ ಸದ್ದು ಕೇಳಿತು.

‘ಬಲಗೈ ಪೂರಾ ಎತ್ತು ಬೇಟಾ.’

‘ಎತ್ತೀನ್ರೀ.’

‘ಅದು ಕಿವಿ ತನಕಾನೂ ಬಂದಿಲ್ಲ.’

ಆಮೇಲೆ ಹನುಮಂತನ ದನಿ ಬಂತು. ಅಷ್ಟು ಸಣ್ಣ ದನಿ ಅವನಲ್ಲಿ ಇದೆಯೆಂದು ನನಗೆ ಗೊತ್ತೇ ಇರಲಿಲ್ಲ.

‘ಅಷ್ಟ ಬರ್ತೈತ್ರೀ.’

‘ಯಾವಾಗಿಂದ?’

‘ಎರಡು ವರ್ಷ ಆತ್ರಿ.’

‘ಮನ್ಯಾಗ ಗೊತ್ತೈತೇನು?’

‘ಇಲ್ರೀ. ಅಂಗಿ ಹಾಕ್ಕೊಳ್ಳುವಾಗ ಮೊದಲ ಈ ಕೈ ತೂರಿಸ್ಕೋತೀನಿ. ರಾತ್ರಿ ಆ ಮಗ್ಗಲಕ್ಕ ಮಲಗಂಗಿಲ್ಲ. ಯಾರಿಗೂ ಹೇಳಬ್ಯಾಡ್ರಿ.’ ಅವನು ಅಳುತ್ತಿದ್ದ.

ನನಗೆ ಮೈಯೆಲ್ಲ ನಾಚಿಕೆಯಾಯಿತು. ಆ ಎರಡು ವರ್ಷವೂ ಅವನ ಪಕ್ಕದಲ್ಲೇ ದುಡಿದಿದ್ದೆ. ಅವನ ಶಕ್ತಿ ನೋಡಿ ಹೊಟ್ಟೆಕಿಚ್ಚು ಪಟ್ಟಿದ್ದೆ. ಉಸಿರು ಬಿಗಿಹಿಡಿದು ಮಲಗಿದ್ದವನ ಮೂಗಿಗೆ ತೌಡಿನ ಧೂಳು ಹೋಯಿತು. ಸೀನು ಬಂತು. ಸೊಂಟ ಹಿಡಿದವನಿಗೆ ಸೀನಿಗಿಂತ ದೊಡ್ಡ ಶತ್ರು ಇಲ್ಲ. ಸೀನಿ, ಅದರ ಹಿಂದೆಯೇ ‘ಯವ್ವಾ’ ಎಂದು ಕೂಗಿಬಿಟ್ಟೆ.

‘ತೌಡಿನ ಹಿಂದ ಕುಂತಾವ ಯಾರಪಾ?’ ಎಂದರು ಖಾದರ್ ಸಾಬರು.

‘ಕುಂತಿಲ್ರೀ, ಮಲಗೀನಿ. ಏಳಾಕ ಬರವಲ್ದು.’

ಅವರೂ ಹನುಮಂತನೂ ಬಂದು ನನ್ನನ್ನು ಎಬ್ಬಿಸಿದರು. ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು. ನನ್ನ ತಲೆ ಮೀಸೆಗೆಲ್ಲ ತೌಡು. ಮೊದಲು ನಕ್ಕವನು ಹನುಮಂತ, ಕಣ್ಣಲ್ಲಿ ಇನ್ನೂ ನೀರಿತ್ತು.

ಹೇಗೂ ಸಿಕ್ಕಿಬಿದ್ದವನು ಎಂದು ಯಂಕಪ್ಪ ನನ್ನೊಬ್ಬನನ್ನು ಹೋಗಗೊಟ್ಟ, ಉಳಿದವರು ಆ ಕಡೆ ಸುಳಿಯಲಿಲ್ಲ. ಆ ಖೋಲಿಯಲ್ಲಿ ದೊಡ್ಡ ಯಂತ್ರಗಳೇನೂ ಇರಲಿಲ್ಲ. ಒಂದು ಅಗಲವಾದ ಹಲಗೆ, ಒಂದು ಸೀಮೆಎಣ್ಣೆ ಸ್ಟೋವು. ಖಾದರ್ ಸಾಬರು ಮಿಲ್ಲಿನ ತೌಡನ್ನೇ ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ಸೊಂಟಕ್ಕೆ ಶಾಖ ಕೊಡುತ್ತಿದ್ದರು. ಮೂಲೆಗೆ ಬಿದ್ದಿದ್ದ ಹಳೆಯ ಗಾಲಿಯೊಂದನ್ನು ಜಂತಿಗೆ ಬಿಗಿದು, ಹಗ್ಗ ಹಾಯಿಸಿ, ಕಾಟಾದ ಕಬ್ಬಿಣದ ತೂಕಗಳನ್ನು ತೂಗಿಬಿಟ್ಟು ನನ್ನ ಕಾಲು ಎಳೆಸುತ್ತಿದ್ದರು. ಇಷ್ಟು ವರ್ಷ ನಾನು ತೂಕ ಎತ್ತಿದ್ದೆ, ಈಗ ತೂಕ ನನ್ನನ್ನು ಎಳೆಯಲಿ ಎನ್ನುತ್ತಿದ್ದರು. ಬೋರಲು ಮಲಗಿ ಮೊಣಕೈ ಊರಿ ಎದೆ ಎತ್ತುವುದು, ಇಳಿಸುವುದು. ಬೆಳಿಗ್ಗೆ ಹತ್ತು ಸಲ, ಸಂಜೆ ಹತ್ತು ಸಲ. ಅವರಿಲ್ಲದ ದಿನವೂ ನಾನು ಮಿಲ್ಲಿಗೆ ಬಂದು ಅದೇ ಹಲಗೆಯ ಮೇಲೆ ಮಾಡಬೇಕು.

ಮೊದಲನೆಯ ವಾರ ಏನೂ ಆಗಲಿಲ್ಲ. ಎರಡನೆಯ ವಾರ ಒಂದು ಬೆಳಿಗ್ಗೆ ನೋವು ಹಿಮ್ಮಡಿಯಿಂದ ಮೊಣಕಾಲಿಗೆ ಏರಿತ್ತು. ಓಡಿಹೋಗಿ ಹೇಳಬೇಕೆನಿಸಿತು, ಓಡಲು ಬರುತ್ತಿರಲಿಲ್ಲ. ‘ಏರಬೇಕು, ಏರಿ ಏರಿ ಸೊಂಟಕ್ಕ ಬಂದು ಹೋಗಬೇಕು. ಬಂದ ದಾರ್ಯಾಗ ಹೋಗ್ತೈತಿ ಅದು’ ಎಂದರು ಖಾದರ್ ಸಾಬರು. ಅವರು ಮುಟ್ಟುವ ಕೈಯಲ್ಲಿ ಅವಸರವಿರಲಿಲ್ಲ. ನಾನು ಆವರೆಗೆ ಕಂಡ ಕೈಗಳೆಲ್ಲ ಚೀಲವನ್ನು ಮುಟ್ಟುವ ಕೈಗಳು.

ಆ ಕಸರತ್ತನ್ನು ಮನೆಯಲ್ಲೂ ಮಾಡುವಾಗ ಮಲ್ಲಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಒಂದು ದಿನ ಹೇಳಿದಳು, ‘ದಿನಾ ಬೆಳಗಿನಿಂದ ಸಂಜೀತನಕ ಬಗ್ಗಿ ಸಸಿ ಹಚ್ಚತೀನಿ. ನಂದೂ ಸೊಂಟ ಐತಿ. ನನಗ ಯಾವ ಗದ್ಯಾಗ ಖೋಲಿ ಕೊಟ್ಟಾರ?’

ಸಿಟ್ಟಿನಿಂದ ಹೇಳಿದ ಮಾತಲ್ಲ ಅದು. ಅದಕ್ಕೇ ಹೆಚ್ಚು ತಾಗಿತು. ಮದುವೆಯಾಗಿ ಹನ್ನೊಂದು ವರ್ಷ, ಅವಳಿಗೆ ಸೊಂಟ ನೋಯುತ್ತದೆಯೇ ಎಂದು ನಾನು ಕೇಳಿರಲಿಲ್ಲ. ಅವತ್ತಿನಿಂದ ಇಬ್ಬರೂ ಚಾಪೆಯ ಮೇಲೆ ಪಕ್ಕಪಕ್ಕ ಬೋರಲು ಮಲಗಿ ಎದೆ ಎತ್ತತೊಡಗಿದೆವು. ನಮ್ಮವ್ವ ನೋಡಿ, ‘ಇದೇನು ಇಬ್ಬರೂ ಓತಿಕ್ಯಾತ ಆಗೀರಿ’ ಎಂದಳು. ಖಾದರ್ ಸಾಬರಿಗೆ ಹೇಳಿದಾಗ ಅವರು ಮಲ್ಲಮ್ಮನಿಗೆಂದು ಇನ್ನೆರಡು ಬೇರೆ ಕಸರತ್ತು ಹೇಳಿಕೊಟ್ಟರು.

ಒಂದು ಶುಕ್ರವಾರ ನಾನು ಕಾಲಿಗೆ ತೂಕ ಕಟ್ಟಿಸಿಕೊಂಡು ಮಲಗಿದ್ದಾಗ ಸಾಹುಕಾರರು ಖೋಲಿಗೆ ಬಂದರು.

‘ಖಾದರ್ ಸಾಬ್, ಯಾರ್ಯಾರ ಬೆನ್ನು ಕೆಟ್ಟಾವ ಅಂತ ಒಂದು ಚೀಟಿ ಬರದು ಕೊಡ್ರಿ. ಮುಂದಿನ ಸುಗ್ಗಿಗೆ ಯಾರನ್ನ ನಂಬಬೇಕು ಅಂತ ನನಗ ಗೊತ್ತಿರಬೇಕು.’

ಯಂಕಪ್ಪ ಹೇಳಿದ್ದೇ ನಿಜವಾಯಿತು ಎಂದುಕೊಂಡೆ. ಖಾದರ್ ಸಾಬರು ಶಾಖದ ಗಂಟನ್ನು ಕೆಳಗಿಟ್ಟರು. ದನಿ ಏರಿಸಲಿಲ್ಲ.

‘ಸಾಹುಕಾರ್ರ, ಚೀಟಿ ಕೊಟ್ಟ ದಿನ ಈ ಖೋಲಿಗೆ ಒಬ್ಬರೂ ಬರಂಗಿಲ್ಲ. ನೋವು ಮುಚ್ಚಿಟ್ಕೊಂಡು ಹೊರತಾರ. ಮುಚ್ಚಿಟ್ಟವರು ಒಂದು ದಿನ ಹಲಗಿ ಮ್ಯಾಲಿಂದ ಬೀಳ್ತಾರ. ಆವಾಗ ನಿಮ್ಮ ಲಾರಿ ಇನ್ನೂ ಹೆಚ್ಚು ನಿಲ್ತಾವ. ಚೀಟಿ ಬೇಕು ಅಂದ್ರ ನಾ ಮಸ್ಕಿ ಬಸ್ ಹತ್ತೀನಿ. ಬ್ಯಾಡ ಅಂದ್ರ ಒಂದು ಕೆಲಸ ಮಾಡ್ರಿ. ಇವರು ಚೀಲ ನೆಲದಿಂದ ಎತ್ತಿ ತಿರುಗ್ತಾರಲ್ಲ, ಅಲ್ಲೇ ಸೊಂಟ ಕೆಡಾಕತ್ತೈತಿ. ಸೊಂಟದೆತ್ತರಕ್ಕ ಒಂದು ಕಟ್ಟಿ ಕಟ್ಟಿಸ್ರಿ.’

ಸಾಹುಕಾರರು ತೂಗುತ್ತಿದ್ದ ತೂಕಗಳನ್ನು ನೋಡಿದರು, ನನ್ನನ್ನು ನೋಡಿದರು. ‘ಸರೆ’ ಎಂದು ತೆಲುಗಿನಲ್ಲಿ ಅಂದು ಹೋದರು. ಚೀಟಿಯ ಮಾತನ್ನು ಮತ್ತೆಂದೂ ಎತ್ತಲಿಲ್ಲ. ಸೋತು ಸುಮ್ಮನಾಗುವುದು ಸಾಹುಕಾರರಿಗೆ ಸುಲಭವಲ್ಲ. ಅವರನ್ನು ನಾನು ಮೆಚ್ಚಿದ್ದು ಖೋಲಿ ಕೊಟ್ಟಾಗಲ್ಲ, ಅವತ್ತು.

ಇಷ್ಟಾಗುವಾಗ ಅಮಾವಾಸ್ಯೆ ಹತ್ತಿರ ಬಂದಿತ್ತು. ಹಿಂದಿನ ಅಮಾವಾಸ್ಯೆಯಿಂದ ನಾನು ಒಂದು ಚೀಲವನ್ನೂ ಹೊತ್ತಿರಲಿಲ್ಲ. ಸೊಂಟ ಹಿಡಿದದ್ದೇ ಮೊದಲನೆಯ ಚೀಲಕ್ಕೆ, ಅದೂ ಬೆನ್ನಿಗೆ ಬಂದಿರಲಿಲ್ಲ. ಯಂಕಪ್ಪ ಎರಡು ದಿನ ಮೊದಲೇ ನೆನಪಿಸಿದ. ‘ಈರ್ಯಾ, ಕಟ್ಟಳಿ ನಾ ಮಾಡಿದ್ದಲ್ಲ. ನಮ್ಮಪ್ಪನ ಕಾಲದ್ದು. ನಿನಗ ಬಿಟ್ರ ನಾಳೆ ಎಲ್ಲಾರಿಗೂ ಬಿಡಬೇಕಾಗ್ತೈತಿ.’ ಅವನು ಹೇಳುವಾಗ ನನ್ನ ಮುಖ ನೋಡಲಿಲ್ಲ. ಅಳಿಯ ಮಸ್ಕಿಯಿಂದ ಬಂದು ಅವನ ಮನೆಯಲ್ಲಿ ಇಳಿದಿದ್ದ.

ಖಾದರ್ ಸಾಬರನ್ನು ಕೇಳಿದೆ. ‘ಒಂದ ಒಂದು ಚೀಲ ಹೊರ್ಲೇನ್ರಿ?’

‘ಎರಡು ತಿಂಗಳು ಆಗಲಿ. ಈಗ ಒಂದು ಚೀಲ ಹೊತ್ರ ಮುಂದ ಒಂದು ತಂಬಿಗಿನೂ ಎತ್ತಂಗಿಲ್ಲ ನೀ.’

ಅಮಾವಾಸ್ಯೆಯ ಹಿಂದಿನ ದಿನ ಅವರು ಬರುವ ದಿನವಲ್ಲ. ಹೇಳುವವರಿಲ್ಲ, ತಡೆಯುವವರಿಲ್ಲ ಎಂದು ನಾನು ಮನಸ್ಸು ಗಟ್ಟಿ ಮಾಡಿದೆ. ಒಂದು ಚೀಲ, ಹತ್ತು ಹೆಜ್ಜೆ. ಕಾಲು ಹೋದರೆ ಹೋಗಲಿ, ಜಾಗ ಉಳಿಯಲಿ. ಈಗ ಬರೆಯುವಾಗ ಇದೆಂಥ ಹುಚ್ಚು ಎನಿಸುತ್ತದೆ. ಅವತ್ತು ಹಾಗೆನಿಸಲಿಲ್ಲ. ಜಾಗವಿಲ್ಲದವನು ಕಾಲು ಇಟ್ಟುಕೊಂಡು ಎಲ್ಲಿಗೆ ಹೋಗಬೇಕು ಎನಿಸಿತ್ತು.

ಮಧ್ಯಾಹ್ನದ ಲಾರಿಗೆ ಚೀಲ ಏರುತ್ತಿತ್ತು. ನಾನು ಹೋಗಿ ಸಾಲಿನಲ್ಲಿ ನಿಂತೆ. ಚೀಲ ಎತ್ತಿಕೊಡುವವರು ಇಬ್ಬರು, ಹನುಮಂತ ಮತ್ತು ಇನ್ನೊಬ್ಬ. ನನ್ನನ್ನು ನೋಡಿ ಹನುಮಂತನ ಕೈ ನಿಂತಿತು. ಯಂಕಪ್ಪ ಲಾರಿಯ ಹತ್ತಿರ ಎಣಿಸುತ್ತ ನಿಂತಿದ್ದ.

‘ಕೊಡೋ’ ಎಂದೆ.

‘ಈರಣ್ಣ, ಬ್ಯಾಡ.’

‘ಕೊಡಲೇ ಅಂದ್ರ.’

ಬೆನ್ನು ಬಗ್ಗಿಸಿ ನಿಂತೆ. ಕಣ್ಣು ಮುಚ್ಚಿದೆ. ಗೋಣಿ ನನ್ನ ಬೆನ್ನಿಗೆ ತಾಗಿತು. ಭಾರ ಬರುತ್ತದೆ ಎಂದು ಹಲ್ಲು ಕಚ್ಚಿದೆ. ಭಾರ ಬರಲಿಲ್ಲ. ಕಣ್ಣು ತೆರೆದು ನೋಡಿದರೆ ಹನುಮಂತ ನನ್ನ ಬಲಗಡೆ, ಇನ್ನೊಬ್ಬ ಎಡಗಡೆ, ಚೀಲವನ್ನು ಕೆಳಗಿನಿಂದ ಹಿಡಿದುಕೊಂಡೇ ಇದ್ದರು. ಬಿಟ್ಟಿರಲಿಲ್ಲ.

‘ನಡಿ’ ಎಂದ ಹನುಮಂತ. ನೋಯುವ ಭುಜದ ಮೇಲೆಯೇ ಚೀಲದ ಮೂಲೆ ಇತ್ತು. ಅವನ ಮುಖ ಬೆವರಿತ್ತು.

ನಾನು ಹೆಜ್ಜೆ ಇಟ್ಟೆ. ಅವರೂ ಇಟ್ಟರು. ಹಿಂದಿನಿಂದ ಇನ್ಯಾರೋ ಬಂದು ಕೈ ಹಾಕಿದರು. ಹಲಗೆ ಏರುವಾಗ ನನ್ನ ಬೆನ್ನಿನ ಮೇಲೆ ಎಷ್ಟು ಕೈಗಳಿದ್ದವೋ ಗೊತ್ತಿಲ್ಲ. ಗೋಣಿ ನನಗೆ ತಾಗುತ್ತಿತ್ತು, ಅಷ್ಟೆ. ಒಂದು ಕಾಳಿನ ಭಾರವೂ ನನ್ನ ಮೇಲೆ ಇರಲಿಲ್ಲ. ಮೇಲೆ ಹೋಗಿ ಚೀಲ ಇಳಿಯಿತು.

ಎಲ್ಲರೂ ಯಂಕಪ್ಪನನ್ನು ನೋಡಿದೆವು. ಅವನು ಎಲ್ಲ ಕಂಡಿದ್ದ. ಕಾಣದಿರುವ ಸಂಗತಿಯಲ್ಲ ಅದು, ಒಂದು ಚೀಲವನ್ನು ನಾಲ್ಕೈದು ಜನ ಹೊತ್ತು ತಂದಿದ್ದರು. ಅವನ ಅಳಿಯ ಗೇಟಿನ ಹತ್ತಿರ ನಿಂತಿದ್ದ. ಯಂಕಪ್ಪ ತಲೆಯ ರುಮಾಲು ಬಿಚ್ಚಿ ಮುಖ ಒರೆಸಿಕೊಂಡ, ಮತ್ತೆ ಸುತ್ತಿಕೊಂಡ.

‘ಈರಣ್ಣಂದು ಒಂದು’ ಎಂದು ಕೂಗಿದ. ಆಮೇಲೆ ಗದರಿದ, ‘ಏನ ನೋಡಾಕತ್ತೀರಿ? ಲಾರಿ ನಿಂತೈತಿ.’

ಮರುದಿನ ಬೇವಿನ ಮರದ ಕೆಳಗೆ ನನ್ನ ಜಾಗದ ಮಾತು ಬರಲೇ ಇಲ್ಲ. ಅಳಿಯನಿಗೆ ಮುಂದೆ ಬೇರೆ ಮಿಲ್ಲಿನಲ್ಲಿ ಕೆಲಸ ಸಿಕ್ಕಿತು. ನಾನು ಎರಡು ತಿಂಗಳಲ್ಲ, ಮೂರು ತಿಂಗಳು ಹೊಲಿಗೆ ಮಾಡಿ, ಆಮೇಲೆ ಮೆಲ್ಲಗೆ ಹೊರಲು ಶುರು ಮಾಡಿದೆ. ಪ್ರತಿ ಅಮಾವಾಸ್ಯೆಗೂ ಒಂದು ಚೀಲ ಅದೇ ರೀತಿ ಏರಿತು. ಅಷ್ಟರಲ್ಲಿ ಸೊಂಟದೆತ್ತರದ ಕಟ್ಟೆ ಎದ್ದಿತ್ತು. ಅದರ ಮೇಲಿಂದ ಚೀಲ ನೇರ ಬೆನ್ನಿಗೆ ಬರುತ್ತಿತ್ತು, ಬಗ್ಗುವುದು ತಿರುಗುವುದು ಇರಲಿಲ್ಲ. ಅಲ್ಲಿಂದ ಎಷ್ಟೋ ಸುಗ್ಗಿ ದುಡಿದೆ. ನಮ್ಮ ಮಿಲ್ಲಿನ ಮುಂದೆ ಲಾರಿ ಕಾಯುವುದು ಕಡಿಮೆಯಾಯಿತು ಎಂದು ಡ್ರೈವರುಗಳೇ ಹೇಳುತ್ತಿದ್ದರು. ಸಾಹುಕಾರರು, ‘ನಾನು ಮೊದಲ ಹೇಳಿದ್ನಿ, ಇದು ಧರ್ಮ ಅಲ್ಲ’ ಎನ್ನುತ್ತಿದ್ದರು. ಆಗಲಿ, ಧರ್ಮ ಅಲ್ಲ. ಅದರಿಂದ ನನ್ನ ಕಾಲು ಉಳಿಯಿತು, ಮಲ್ಲಮ್ಮ ಈಗಲೂ ನೆಟ್ಟಗೆ ನಡೆಯುತ್ತಾಳೆ.

ಆ ಅಮಾವಾಸ್ಯೆಯ ನಂತರದ ಮಂಗಳವಾರದ ಮಾತೊಂದನ್ನು ಹೇಳಬೇಕು. ನಾನು ಎಂದಿನಂತೆ ಖೋಲಿಗೆ ಹೋದರೆ ಒಳಗೆ ಕಾಲಿಡಲು ಜಾಗವಿರಲಿಲ್ಲ. ನಮ್ಮ ಗುಂಪೆಲ್ಲ ಗೋಡೆಗುಂಟ ಕೂತಿತ್ತು. ಒಬ್ಬ ಮೊಣಕಾಲು ತಿಕ್ಕಿಕೊಳ್ಳುತ್ತಿದ್ದ, ಒಬ್ಬ ಕುತ್ತಿಗೆ ಹಿಡಿದುಕೊಂಡಿದ್ದ. ಹನುಮಂತ ಎಲ್ಲರೆದುರೇ ಬಲಗೈ ಎತ್ತಿ ತೋರಿಸುತ್ತಿದ್ದ, ಅದು ಎಲ್ಲಿಯವರೆಗೆ ಬರುತ್ತದೋ ಅಲ್ಲಿಯವರೆಗೆ. ಸಾಲಿನ ಕೊನೆಯಲ್ಲಿ ಯಂಕಪ್ಪ ಇದ್ದ. ಅಂಗಿ ಬಿಚ್ಚಿದ್ದ. ಅವನ ಸೊಂಟದ ಮೇಲೆ ಮೇಲಿಂದ ಕೆಳಗಿನವರೆಗೆ ಹಳೆಯ ಬರೆಯ ಗುರುತುಗಳು. ಇಪ್ಪತ್ತು ವರ್ಷದಿಂದ ಅವನ ಜೊತೆಗಿದ್ದವರು ಯಾರೂ ಅವನ್ನು ನೋಡಿರಲಿಲ್ಲ.

ಮಸ್ಕಿ ಬಸ್ಸಿಳಿದು ಬಂದ ಖಾದರ್ ಸಾಬರು ಬಾಗಿಲಲ್ಲೇ ನಿಂತುಬಿಟ್ಟರು.

‘ಇದೇನು ಮೇಸ್ತ್ರಿ, ಎಲ್ಲಾರಿಗೂ ಒಂದ ದಿನಕ್ಕ ನೋವು ಬಂತೇನು?’

‘ಇಲ್ರೀ’ ಎಂದ ಯಂಕಪ್ಪ. ‘ನೋವು ಮೊದಲಿಂದ ಇತ್ತು. ಹೇಳಾಕ ಇವತ್ತ ಬಂದೀವಿ.’